ಜಾನ್ ಫೋರ್ಸ್ ಫೋರ್ಡ್ ಬಿಟ್ಟದ್ದೇಕೆ?

ಎರಡೆರಡು ವಾಹನಗಳು ನೇರವಾದ ಕಿರುದಾರಿಯಲ್ಲಿ ಸೆಣಸುವ ಡ್ರ್ಯಾಗ್ ರೇಸಿಂಗ್‌ನಲ್ಲಿ 1997ರಿಂದ ಫೋರ್ಡ್ ಕಾರುಗಳನ್ನೇ ಓಡಿಸುತ್ತಿದ್ದ ಅಮೆರಿಕದ ಜಾನ್ ಫೋರ್ಸ್ 2015ರಲ್ಲಿ ಷೆವ್ರೊಲೆ ಕಮಾರೊ ಹಿಡಿದದ್ದಕ್ಕೆ ಮುಖ್ಯ ಕಾರಣ, 2014ರ ನಂತರ ನೆರವು ಮುಂದುವರಿಸುವುದಿಲ್ಲವೆಂದು ಫೋರ್ಡ್ ಸಂಸ್ಥೆಯೇ ಮೊದಲು ಪ್ರಕಟಿಸಿದ್ದು. ಅವರು ಸ್ಪರ್ಧಿಸುತ್ತಿದ್ದ ‘ಫನ್ನಿ ಕಾರ್’ ವರ್ಗದಲ್ಲಿ, ಅಂದರೆ ಮಾರಾಟದ ಕಾರನ್ನು ಹೋಲುವ ಕಾರ್ಬನ್ ಫೈಬರ್ ಹೊದಿಕೆಯನ್ನು ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಕೂರಿಸಿ ನೈಟ್ರೊಮೀಥೇನ್ ಇಂಧನದಿಂದ ಓಡಿಸುವ ವರ್ಗದಲ್ಲಿ, ಎಲ್ಲ ತಂಡಗಳ ಎಂಜಿನ್‌ಗಳಿಗೂ ಕ್ರೈಸ್ಲರ್‌ನ ‘ಹೆಮಿ’ ವಿನ್ಯಾಸವೇ ಮೂಲವಾದ್ದರಿಂದ, ತಯಾರಕರು ಬದಲಾದಾಗ ನಿಜಕ್ಕೂ ಬದಲಾಗುವುದು ಗಾಳಿಯನ್ನು ಸೀಳುವ ಆ ಹೊದಿಕೆಯ ಆಕಾರ, ಹಣ ಮತ್ತು ಎಂಜಿನಿಯರುಗಳ ಬೆಂಬಲ. ಗೆಲುವನ್ನು ನಿರ್ಧರಿಸುವಲ್ಲಿ ಕೊನೆಯ ಎರಡು ಸಣ್ಣ ಸಂಗತಿಗಳೇನಲ್ಲ. 2017ರಲ್ಲಿ ಅದೇ ತಂಡದ ರಾಬರ್ಟ್ ಹೈಟ್ ಕಮಾರೊದಲ್ಲೇ ಚಾಂಪಿಯನ್ ಆದರು.