ಮೈಮೇಲಿನ ಶಿಲುಬೆ: ಬಣ್ಣವೋ, ಬದುಕೋ?

1991ರ ‘ಕೇಪ್ ಫಿಯರ್’ ನೋಡಿದವರು ಆ ದೃಶ್ಯ ಮರೆಯೋದುಂಟೇ? ಜೈಲಿನ ಕೋಣೆಯಲ್ಲಿ ರಾಬರ್ಟ್ ಡಿ ನೀರೋ ಕಸರತ್ತು ಮಾಡ್ತಿದ್ದಾನೆ. ಬೆನ್ನ ತುಂಬ ಶಿಲುಬೆಯ ಹಚ್ಚೆ! ಆ ಶಿಲುಬೆಯೇ ಒಂದು ತಕ್ಕಡಿ. ಒಂದು ಕಡೆ ಬೈಬಲ್, ‘ಸತ್ಯ’. ಇನ್ನೊಂದು ಕಡೆ ಕಠಾರಿ, ‘ನ್ಯಾಯ’. ಇವನು ಸೇಡಿನ ಮನುಷ್ಯ ಅಂತ ಡೈಲಾಗಿಲ್ಲದೆ ಗೊತ್ತಾಗಿಬಿಡುತ್ತೆ!

ಆದರೆ ಅದು ಶೂಟಿಂಗ್ ಮುಗಿದ ಮೇಲೆ ಅಳಿಸಿಹೋಗುವ ಬಣ್ಣ. ಅಳಿಸದ ಶಿಲುಬೆಯ ಕಥೆ ಬೇರೆ.

ಜೆರುಸಲೇಮ್ ಶಿಲುಬೆಯನ್ನೇ ನೋಡಿ. ನಡುವೆ ಒಂದು ದೊಡ್ಡದು, ನಾಲ್ಕು ಮೂಲೆಗೆ ನಾಲ್ಕು ಪುಟ್ಟವು. ಏಸುವಿನ ಐದು ಗಾಯಗಳು ಅಂತ ಒಂದು ಅರ್ಥ. ನಾಲ್ಕು ದಿಕ್ಕಿಗೂ ಸುವಾರ್ತೆ ಅಂತ ಇನ್ನೊಂದು. ಯಾತ್ರೆ ಮುಗಿಸಿದವರು ತೋಳಿಗೆ ಹಾಕಿಸಿಕೊಳ್ಳುವ ಹಚ್ಚೆ ಇದು. ಅಲ್ಲಿನ ರಝೂಕ್ ಮನೆತನದವರ ಬಳಿ ಇದಕ್ಕೆಂದೇ ಹಳೆಯ ಮರದ ಅಚ್ಚುಗಳಿವೆ. 1862ರಲ್ಲಿ ಇಂಗ್ಲೆಂಡಿನ ಯುವರಾಜನೂ, ಅಂದರೆ ಮುಂದೆ ಏಳನೇ ಎಡ್ವರ್ಡ್ ದೊರೆಯಾದವನೂ, ಜೆರುಸಲೇಮಿನಲ್ಲಿ ಹಚ್ಚೆಗೆ ತೋಳು ಚಾಚಿದ!

ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರದು ಇನ್ನೂ ಚಿಕ್ಕದು. ಬಲ ಮಣಿಕಟ್ಟಿನ ಒಳಗೆ ಪುಟ್ಟ ಶಿಲುಬೆ, ಅಷ್ಟೆ. ಎಷ್ಟೋ ಮಂದಿಗೆ ಎಳೆತನದಲ್ಲೇ ಹಾಕಿಸ್ತಾರೆ. ‘ನಾನು ಇವರವನು’ ಅನ್ನೋದೇ ಅದರ ಅರ್ಥ. ಚರ್ಚಿನ ಬಾಗಿಲಲ್ಲಿ ಮಣಿಕಟ್ಟು ತೋರಿಸಿ ಒಳಗೆ ಹೋಗುವುದೂ ಉಂಟು. 2015ರಲ್ಲಿ ಲಿಬಿಯಾಕ್ಕೆ ದುಡಿಯಲು ಹೋಗಿದ್ದ 20 ಮಂದಿ ಕಾಪ್ಟರನ್ನು ಧರ್ಮದ ಕಾರಣಕ್ಕೇ ಕೊಂದರು. ಆಮೇಲೂ ಆ ಹಚ್ಚೆ ನಿಂತಿಲ್ಲ!

ನೆಚ್ಚಿನ ಹೀರೋ ಹೆಸರನ್ನು ತೋಳಿಗೆ ಬರೆಸಲು ಹೊರಟ ಅಭಿಮಾನಿ ಬಂಧುಗಳೇ, ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಒಂದೇ ಪ್ರಶ್ನೆ. ಆ ಗುರುತಿಗಾಗಿ ಏನು ತೆರಲು ನೀವು ಸಿದ್ಧ?