ಬೋರ್ ನೀರು ಮತ್ತು ಬಿರುಸಾದ ಕೌದಿ

ಪ್ರಶ್ನೆ: ಕಟಕೋಳದ ನಮ್ಮ ಮನೆಯಲ್ಲಿ ಬೋರ್ ನೀರಿನಲ್ಲಿ ಒಗೆದ ಕೌದಿ, ಚಾದರ ಬಿರುಸಾಗುತ್ತವೆ. ಸೋಪು ಹೆಚ್ಚಿಸಬೇಕೆ?

ಉತ್ತರ: ಬೇಡ, ಸೋಪು ಹೆಚ್ಚಿದಷ್ಟೂ ತೊಂದರೆ ಹೆಚ್ಚುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬಾರ್ ಸೋಪು ಅವುಗಳೊಡನೆ ಕೂಡಿ, ನೊರೆ ಬರುವ ಬದಲು ಕರಗದ ಜಿಗುಟು ಗಸಿಯಾಗುತ್ತದೆ. ಎರಡು ಬಾಟಲಿಗಳಲ್ಲಿ ಬೋರ್ ನೀರು, ಮಳೆನೀರು ತುಂಬಿ ಅಷ್ಟಷ್ಟೇ ಸೋಪು ಹಾಕಿ ಕುಲುಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯಿಂದ ಆ ಗಸಿ ಸುಲಭವಾಗಿ ಹೊರಬೀಳುವುದಿಲ್ಲ. ಹಿಂದಿನವರು ಕೌದಿಗಳನ್ನು ಹೊಳೆಗೆ ಒಯ್ದು ಒಗೆಯುತ್ತಿದ್ದುದರಲ್ಲಿ ಅರ್ಥವಿತ್ತು: ಹೊಳೆಯ ನೀರು ಸಾಮಾನ್ಯವಾಗಿ ಮೆದು, ಜಾಲಿಸಲು ಹರಿವೂ ಧಾರಾಳ.

ಬಿರುಸಿಗೆ ಬಿಸಿಲೇ ಕಾರಣವೆಂದು ಕೆಲವರು ವಾದಿಸಬಹುದು. ಬಿಸಿಲಿನ ಬಿರುಸು ಕೊಡವಿ ತಿಕ್ಕಿದರೆ ಬಹುಮಟ್ಟಿಗೆ ಸಡಿಲುತ್ತದೆ. ಗಸಿಯದು ಒಗೆತದಿಂದ ಒಗೆತಕ್ಕೆ ಏರುತ್ತ ಬಟ್ಟೆಯನ್ನು ಮಬ್ಬಾಗಿಸುತ್ತದೆ. ಆದ್ದರಿಂದ ಬಿಸಿಲನ್ನು ಬಿಡಬೇಡಿ, ಒಳಪದರ ಹಸಿಯಾಗಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಸೋಪಿಗೆ ಮೊದಲೇ ನೀರಿಗೆ ಸ್ವಲ್ಪ ಬಟ್ಟೆಸೋಡಾ ಕರಗಿಸಿ; ಅದು ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಬೇರ್ಪಡಿಸುತ್ತದೆ. ನೀರು ತಿಳಿಯಾದ ಮೇಲೆ ಬಸಿದುಕೊಂಡು ಒಗೆದು, ಸಾಧ್ಯವಾದರೆ ಮಳೆನೀರಿನಲ್ಲೇ ಕೊನೆಯ ಸಲ ಜಾಲಿಸಿ. ಕೌದಿಯಲ್ಲಿ ಇಳಕಲ್ ಸೀರೆಯ ರೇಷ್ಮೆ ಸೆರಗಿನ ತುಂಡಿದ್ದರೆ ಮಾತ್ರ ಸೋಡಾ ಬೇಡ. ಕ್ಷಾರ ರೇಷ್ಮೆಯನ್ನು ಕೆಡಿಸುತ್ತದೆ.