ದಾರಿ ತಪ್ಪಿದ ಅತಿಥಿಯ ಸಾಕ್ಷ್ಯ

ಈಶ್ವರಮಂಗಲ: ಪುತ್ತೂರು ತಾಲ್ಲೂಕಿನಲ್ಲಿ ಕೇರಳದ ಗಡಿಗೆ ಸಮೀಪವಿರುವ ಈ ಊರಿನಲ್ಲಿ ಒಂದು ಸುದ್ದಿ ನಾಲ್ಕು ಮಾತುಗಳಲ್ಲಿ ಸುತ್ತುತ್ತದೆ. ತಾನೇ ಕಂಡದ್ದಾದರೆ ಜನ "ಅವನು ಬಂದ" ಎನ್ನುತ್ತಾರೆ. ಬೇರೆಯವರಿಂದ ಕೇಳಿದ್ದಾದರೆ "ಬಂದನಂತೆ" ಎನ್ನುತ್ತಾರೆ. ಈ 'ಅಂತೆ'ಗೆ ತುಳುವಿನಲ್ಲಿ 'ಗೆ' ಇದೆ, ಹವ್ಯಕರ ಮಾತಿನಲ್ಲಿ 'ಅಡ' ಇದೆ, ಮಲೆಯಾಳದಲ್ಲಿ 'ಅತ್ರೆ' ಇದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯ ಜನ ದಿನಬಳಕೆಯ ಮಾತಿನಲ್ಲೇ ಕಾಪಾಡಿಕೊಂಡು ಬಂದಿದ್ದಾರೆ.

ಆದರೆ ಕಾದಂಬರಿ ಓದಲು ಕುಳಿತಾಗ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಪುಸ್ತಕದಲ್ಲಿ 'ನಾನು' ಎಂದು ಮಾತನಾಡುವವನು ಹೇಳಿದ್ದೆಲ್ಲ ಕಣ್ಣಾರೆ ಕಂಡದ್ದೆಂದೇ ನಂಬಿಬಿಡುತ್ತೇವೆ. ಈ ಸೀಮೆಯವರೆಲ್ಲ ತಮ್ಮದೆಂದು ಹೇಳಿಕೊಳ್ಳುವ ಶಿವರಾಮ ಕಾರಂತರ 'ಬೆಟ್ಟದ ಜೀವ'ದ ವಿಷಯದಲ್ಲಿಯೂ ಆಗಿರುವುದು ಇದೇ.

ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಕಾರಂತರು ಈ ಕಾದಂಬರಿಯನ್ನು ಪ್ರಕಟಿಸಿದ್ದು 1943ರಲ್ಲಿ. ಕಥೆ ನಡೆಯುವುದು ಸುಬ್ರಹ್ಮಣ್ಯದ ಆಸುಪಾಸಿನ, ಕುಮಾರಪರ್ವತದ ಬುಡದ ಕಾಡಿನಲ್ಲಿ. ಆಗ ಅದೆಲ್ಲ ಪುತ್ತೂರು ತಾಲ್ಲೂಕಿಗೇ ಸೇರಿತ್ತು. ಈಗ ಸುಳ್ಯ, ಕಡಬ ಎಂದು ಬೇರೆ ಬೇರೆ ತಾಲ್ಲೂಕುಗಳಾಗಿವೆ. ದಾರಿ ತಪ್ಪಿದ ಪ್ರಯಾಣಿಕನೊಬ್ಬನಿಗೆ ಕಾಡಿನಲ್ಲಿ ದೇರಣ್ಣ ಮತ್ತು ಬಟ್ಯ ಸಿಗುತ್ತಾರೆ. ಅವರು ಅವನನ್ನು ಗೋಪಾಲಯ್ಯನ ಮನೆಗೆ ಕರೆತರುತ್ತಾರೆ. ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಮುದುಕ ಗೋಪಾಲಯ್ಯ. ಅವನ ಮಡದಿ ಶಂಕರಮ್ಮ. ಮನೆ ಬಿಟ್ಟುಹೋದ ಮಗ ಶಂಭು. ಮಗನ ಜಾಗದಲ್ಲಿ ಆಸರೆಯಾಗಿ ನಿಂತ ನಾರಾಯಣ ಮತ್ತು ಲಕ್ಷ್ಮಿ. ಇವರೆಲ್ಲರ ಬದುಕು ನಮಗೆ ತಿಳಿಯುವುದು ಆ ಪ್ರಯಾಣಿಕನ ಬಾಯಿಂದಲೇ.

ಭಾಗವತ ಮತ್ತು ಅರ್ಥಧಾರಿ

ಕಥೆ ಹೇಳುವವನನ್ನು ವಿಮರ್ಶಕರು 'ನಿರೂಪಕ' ಎಂದು ಕರೆಯುತ್ತಾರೆ. ಲೇಖಕ ಬೇರೆ, ನಿರೂಪಕ ಬೇರೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಭಾಗವತರು ಹಾಡುವುದು ಇಡೀ ಪ್ರಸಂಗವನ್ನು ಬಲ್ಲವರ ದನಿಯಲ್ಲಿ. ಅರ್ಥಧಾರಿ ಮಾತನಾಡುವುದು ಒಂದು ಪಾತ್ರದ ಪರವಾಗಿ ಮಾತ್ರ. ಕೌರವನ ಅರ್ಥ ಹೇಳುವವರು ದ್ಯೂತದ ಪ್ರಕರಣವನ್ನು ಎಷ್ಟೇ ಸಮರ್ಥವಾಗಿ ಮಂಡಿಸಿದರೂ ಅದು ಕೌರವನ ಪಕ್ಷವೆಂಬುದು ಸಭೆಗೆ ಗೊತ್ತು. ಮೆಚ್ಚಿ ತಲೆದೂಗುತ್ತಾರೆ, ತೀರ್ಪನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ.

ಕಾದಂಬರಿಯಲ್ಲೂ ಈ ಎರಡು ಬಗೆಗಳಿವೆ. 1933ರ 'ಚೋಮನ ದುಡಿ'ಯಲ್ಲಿ ಕಥೆ ಹೇಳುವ ದನಿ ಭಾಗವತರದ್ದು. ಅದಕ್ಕೆ ಚೋಮನ ಮನಸ್ಸಿನೊಳಗೂ ಪ್ರವೇಶವಿದೆ. 'ಬೆಟ್ಟದ ಜೀವ'ದ 'ನಾನು' ಹಾಗಲ್ಲ. ಅವನು ಅಂಗಳಕ್ಕೆ ಬಂದ ಅತಿಥಿ. ಕಂಡಷ್ಟು, ಕೇಳಿದಷ್ಟು ಹೇಳಬಲ್ಲ. ಅವನ ಹೆಸರು ಶಿವರಾಮಯ್ಯ ಎಂದಿರುವುದರಿಂದ ಇದು ಕಾರಂತರ ಪ್ರವಾಸ ಕಥನವೆಂದೇ ತಿಳಿದವರುಂಟು. ಗೋಪಾಲಯ್ಯನ ಮನೆ ಯಾವುದು ಎಂದು ಕೇಳುವವರೂ ಉಂಟು. ಹೆಸರು ಒಂದೇ ಆದ ಮಾತ್ರಕ್ಕೆ ಲೇಖಕನಿಗೆ ಗೊತ್ತಿದ್ದುದೆಲ್ಲ ನಿರೂಪಕನಿಗೂ ಗೊತ್ತು ಎನ್ನುವಂತಿಲ್ಲ.

ಬಾಯಿ ಬಿಡಿಸುವ ಅಪರಿಚಿತ

ಹಾಗಾದರೆ ಹೆಚ್ಚು ಬಲ್ಲ ಒಬ್ಬನನ್ನೇ ನಿರೂಪಕನಾಗಿ ಆರಿಸಬಹುದಿತ್ತಲ್ಲ? ನಾರಾಯಣನೋ ದೇರಣ್ಣನೋ ಹೇಳಿದ್ದರೆ ಮನೆಯ ಇತಿಹಾಸವೆಲ್ಲ ಬರುತ್ತಿತ್ತು. ಆದರೆ ನೆರೆಯವನಿಗೆ ಹೇಳಲಾಗದ್ದನ್ನು ದಾರಿಹೋಕನಿಗೆ ಹೇಳಬಹುದು. ಅವನು ನಾಳೆ ಎದ್ದು ಹೋಗುವವನು, ಊರಿನ ಲೆಕ್ಕಾಚಾರದೊಳಗೆ ಇಲ್ಲದವನು. ನಗೆಮಾತಿನ ಗೋಪಾಲಯ್ಯ ತನ್ನೊಳಗಿನ ನೋವನ್ನು ತೋರಗೊಡುವುದು, ಶಂಕರಮ್ಮ ಮಗನಿಗಾಗಿ ಕಣ್ಣೀರಿಡುವುದು ಈ ಅಪರಿಚಿತನ ಮುಂದೆ. ಅವನ ಅಜ್ಞಾನವೇ ಇಲ್ಲಿ ಅವನ ಯೋಗ್ಯತೆ. ಏನೂ ತಿಳಿಯದವನಾದ್ದರಿಂದ ಎಲ್ಲರೂ ಅವನಿಗೆ ಹೇಳುತ್ತಾರೆ.

ಇಂಗ್ಲಿಷಿನ ಎಮಿಲಿ ಬ್ರಾಂಟೆ 1847ರಲ್ಲಿ 'ವುದರಿಂಗ್ ಹೈಟ್ಸ್' ಕಾದಂಬರಿಯಲ್ಲಿ ಇದೇ ಉಪಾಯ ಹೂಡಿದ್ದಳು. ಹೊರಗಿನಿಂದ ಬಾಡಿಗೆಗೆ ಬಂದ ಲಾಕ್‌ವುಡ್ ಎಂಬಾತ ಹಿಮದಲ್ಲಿ ಸಿಕ್ಕಿಬಿದ್ದು ನೆರೆಮನೆಯಲ್ಲಿ ರಾತ್ರಿ ಕಳೆಯುತ್ತಾನೆ. ಆಮೇಲೆ ಮನೆಗೆಲಸದ ನೆಲ್ಲಿ ಡೀನ್ ಅವನಿಗೆ ಆ ಮನೆತನದ ಕಥೆ ಹೇಳುತ್ತಾಳೆ. ನೆಲ್ಲಿ ತಾನೇ ಆ ಕಥೆಯ ಭಾಗವಾಗಿದ್ದವಳು. ಅವಳಿಗೆ ಬೇಕಾದವರಿದ್ದರು, ಬೇಡದವರೂ ಇದ್ದರು. ಆದ್ದರಿಂದಲೇ ಅವಳ ಮಾತನ್ನು ಎಷ್ಟು ನಂಬಬೇಕೆಂದು ವಿಮರ್ಶಕರು ಇಂದಿಗೂ ಚರ್ಚಿಸುತ್ತಾರೆ. ಹೀಗೆ ಪೂರ್ತಿ ನಂಬಲಾಗದ ನಿರೂಪಕನಿಗೆ ಒಂದು ಪಾರಿಭಾಷಿಕ ಹೆಸರು ಕೊಟ್ಟವನು ಅಮೆರಿಕದ ವಿಮರ್ಶಕ ವೇನ್ ಬೂತ್, 1961ರಲ್ಲಿ. ನಂಬಲಾಗದವನು ಎಂದರೆ ಸುಳ್ಳುಗಾರನೇ ಆಗಬೇಕಿಲ್ಲ. ಪ್ರಾಮಾಣಿಕನಾದರೂ ಅರ್ಧ ಮಾತ್ರ ಕಂಡವನಿರಬಹುದು, ಉಪ್ಪುಂಡ ಮನೆಯ ಋಣದಲ್ಲಿರುವವನೂ ಆಗಿರಬಹುದು.

ಶಿವರಾಮಯ್ಯ ಸುಳ್ಳು ಹೇಳುವವನಲ್ಲ. ಆದರೆ ಗೋಪಾಲಯ್ಯನ ಆತಿಥ್ಯ ಉಂಡವನು. ತೋಟ, ಕಾಡು, ಬೆಟ್ಟಗಳನ್ನು ಅವನು ಕಾಣುವುದು ಯಜಮಾನನ ಜೊತೆ ನಡೆದು, ಯಜಮಾನ ಬೆರಳು ತೋರಿದ ಕಡೆ ನೋಡಿ. ಬೆಟ್ಟದಂಥ ಮನುಷ್ಯನೆಂಬ ಮೆಚ್ಚುಗೆ ಓದುಗನಲ್ಲಿ ಮೂಡುವುದಕ್ಕೆ ಈ ಜೊತೆನಡಿಗೆಯೂ ಒಂದು ಕಾರಣ. ಅದೇ ತೋಟವನ್ನು ಅಲ್ಲಿ ದುಡಿಯುವವರ ಜೊತೆ ನಡೆದು ನೋಡಿದ್ದರೆ ಮೆಚ್ಚುಗೆ ಉಳಿಯುತ್ತಿತ್ತೇನೋ, ಕಥೆ ಮಾತ್ರ ಇನ್ನೊಂದಾಗುತ್ತಿತ್ತು.

ಶಂಭುವಿನ ಮಾತೆಲ್ಲಿ?

ಈ ಎಚ್ಚರ ಅತ್ಯಂತ ಅಗತ್ಯವಾಗುವುದು ಶಂಭುವಿನ ವಿಷಯದಲ್ಲಿ. ಕಾದಂಬರಿಯುದ್ದಕ್ಕೂ ಅವನ ಮಾತಿದೆ, ಅವನೇ ಆಡುವ ಮಾತಿಲ್ಲ. ತಂದೆ ಹೇಳಿದ ಶಂಭು, ತಾಯಿ ಹೇಳಿದ ಶಂಭು, ಉಳಿದವರು ಹೇಳಿದ ಶಂಭು ನಮಗೆ ಸಿಗುತ್ತಾರೆ. ಹೋದವನು ಯಾಕೆ ಹೋದ ಎಂಬುದನ್ನು ಅವನ ಬಾಯಿಂದ ಕೇಳುವ ಅವಕಾಶ ನಿರೂಪಕನಿಗಿಲ್ಲ. ಆದ್ದರಿಂದ ನಮಗೂ ಇಲ್ಲ.

ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ಈ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಇಂದು ಇಬ್ಬರೇ ಮುದುಕರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇದ್ದಾರೆ. ಊರು ಬಿಟ್ಟು ಪೇಟೆ ಸೇರಿದ ನನ್ನಂಥವರಿಗೆ ಹಿರಿಯರು ಈ ಕಾದಂಬರಿಯನ್ನು ಎತ್ತಿ ತೋರಿಸುವುದುಂಟು: "ಓದಿ ನೋಡು, ಹೆತ್ತವರ ಗತಿ." ಮೊದಲ ಸಲ ಓದಿದಾಗ ನನಗೂ ಶಂಭುವಿನ ಮೇಲೆ ಸಿಟ್ಟೇ ಬಂದಿತ್ತು. ಎರಡನೆಯ ಸಲ ಓದಿದಾಗಲೇ ಹೊಳೆದದ್ದು, ಆ ಸಿಟ್ಟಿಗೆ ಬೇಕಾದ ಸಾಕ್ಷ್ಯವೆಲ್ಲ ಒಂದೇ ಕಡೆಯದು ಎಂದು. ಮುದುಕರ ದುಃಖ ಸತ್ಯ, ಅದನ್ನು ಅತಿಥಿ ಕಣ್ಣಾರೆ ಕಂಡಿದ್ದಾನೆ. ಮಗನ ಅಪರಾಧ ಮಾತ್ರ ಕೇಳಿದ ಮಾತು.

ಕಾರಂತರಿಗೆ ಇದರ ಅರಿವಿತ್ತು ಎನ್ನಲು ಅವರದೇ ಇನ್ನೊಂದು ಕಾದಂಬರಿ ಆಧಾರ. 1960ರ 'ಅಳಿದ ಮೇಲೆ'ಯ ನಿರೂಪಕ ರೈಲಿನಲ್ಲಿ ಪರಿಚಯವಾದ ಯಶವಂತರಾಯರೆಂಬ ಗೆಳೆಯ ತೀರಿಕೊಂಡ ಬಳಿಕ, ಅವರು ಬಿಟ್ಟುಹೋದ ಹಣ ಮತ್ತು ಬರಹಗಳನ್ನು ಹಿಡಿದು, ಅವರನ್ನು ಬಲ್ಲವರನ್ನು ಹುಡುಕಿ ಹೊರಡುತ್ತಾನೆ. ಒಬ್ಬೊಬ್ಬರು ಹೇಳುವ ಯಶವಂತರಾಯರು ಒಂದೊಂದು ಬಗೆ. ಒಬ್ಬರ ಕಣ್ಣಿಗೆ ದೊಡ್ಡವರಾದವರು ಇನ್ನೊಬ್ಬರ ಕಣ್ಣಿಗೆ ಸಣ್ಣವರು. ಹೋದ ಮನುಷ್ಯನನ್ನು ಉಳಿದವರ ಮಾತಿನಿಂದ ಎಷ್ಟರಮಟ್ಟಿಗೆ ತಿಳಿಯಬಹುದು ಎಂಬುದೇ ಆ ಪುಸ್ತಕದ ಪ್ರಶ್ನೆ. 'ಬೆಟ್ಟದ ಜೀವ'ದಲ್ಲಿ ಶಂಭುವಿಗಾಗಿ ಯಾರೂ ಕೈಗೊಳ್ಳದ ತನಿಖೆಯನ್ನು ಹದಿನೇಳು ವರ್ಷಗಳ ಬಳಿಕ ಇನ್ನೊಬ್ಬನಿಗಾಗಿ ಕೈಗೊಂಡಂತಿದೆ.

ನಿರೂಪಕನನ್ನು ಸಂಶಯಿಸುವುದೆಂದರೆ ಕಾದಂಬರಿಯನ್ನು ಕಡೆಗಣಿಸುವುದಲ್ಲ. ಅವನು ಕಂಡದ್ದನ್ನು ನಂಬಿ, ಕೇಳಿದ್ದನ್ನು ತೂಗಿ ಓದಿದರೆ ಕೃತಿ ಇನ್ನಷ್ಟು ಹಿರಿದಾಗುತ್ತದೆ. ಗೋಪಾಲಯ್ಯನ ಮೇಲಿನ ಪ್ರೀತಿ ಕಡಿಮೆಯಾಗಬೇಕಾಗಿಲ್ಲ, ಶಂಭುವಿಗೂ ಒಂದಿಷ್ಟು ಜಾಗ ಸಿಗುತ್ತದೆ. ಮುಂದಿನ ಸಲ 'ಬೆಟ್ಟದ ಜೀವ' ಕೈಗೆತ್ತಿಕೊಂಡಾಗ ಓದುಗರು ಒಂದು ಸಣ್ಣ ಪ್ರಯೋಗ ಮಾಡಬಹುದು. ಮಗನ ಬಗ್ಗೆ ಬರುವ ಪ್ರತಿ ವಾಕ್ಯದ ಕೊನೆಗೂ ಮನಸ್ಸಿನಲ್ಲೇ ನಮ್ಮೂರಿನ ಆ 'ಅಂತೆ'ಯನ್ನು ಸೇರಿಸಿ ಓದಿ ನೋಡಲಿ.